ಡೆಲವೇರ್ ದಾಟಿ ತಂದ ತೋಟಾ

ವೆಸ್ಟ್ ವಿಂಡ್ಸರ್

ನ್ಯೂಯಾರ್ಕಿಗೆ ಹತ್ತಿರದ ಆ ಊರಿಗೆ ಬಂದು ವಾರ ತುಂಬುವ ಮೊದಲೇ ನನಗೆ ತಮ್ಮನ ಮನೆಯಲ್ಲಿ ಕೂತಲ್ಲಿ ಕೂರಲಾಗದೆ ಹೋಯಿತು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತಳಾದವಳು ನಾನು. ಸೀಟಿ ಊದಿ ಹುಡುಗಿಯರನ್ನು ಮೈದಾನದ ಸುತ್ತ ಓಡಿಸಿ, ಎನ್‌ಸಿಸಿ ಕ್ಯಾಂಪುಗಳಲ್ಲಿ ಅವರಿಗೆ ರೈಫಲ್ ಹಿಡಿಯುವುದನ್ನು ಹೇಳಿಕೊಟ್ಟೇ ಆಯುಷ್ಯ ಕಳೆದಿದ್ದೆ. ಅಂಥವಳನ್ನು ತಂದು ಮೆತ್ತನೆಯ ಸೋಫಾದ ಮೇಲೆ ಕೂರಿಸಿ, ಕೈಗೊಂದು ರಿಮೋಟ್ ಕೊಟ್ಟು, "ಅಕ್ಕ, ನೀನು ರೆಸ್ಟ್ ತಗೋ" ಎಂದರೆ ಏನು ಮಾಡಬೇಕು?

ಹಾಗೆ ಹೇಳಿದವನು ನನ್ನ ತಮ್ಮ ಪ್ರಸನ್ನ. ಪಿಸ್ಕಾಟವೇ ಎಂಬ ಊರಿನ ಒಂದು ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್. ಅವನ ಹೆಂಡತಿ ಸುಮನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಾದರೆ ಇಬ್ಬರೂ ಒಬ್ಬೊಬ್ಬರಾಗಿ ಕಾರು ಹತ್ತಿ ಹೋಗಿಬಿಡುತ್ತಿದ್ದರು. ಮಗಳು ಅನಘಾ ಹಳದಿ ಬಸ್ಸು ಹತ್ತುತ್ತಿದ್ದಳು. ಆಮೇಲೆ ನಾನು, ಫ್ರಿಜ್ಜಿನ ಗೊರಗೊರ ಸದ್ದು, ಅಷ್ಟೆ.

ಒಂದು ದಿನ ತಡೆಯಲಾರದೆ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ನಡೆಯಲು ಹೊರಟೆ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಹಾದುಹೋದ ಬಿಳಿಯ ಹೆಂಗಸೊಬ್ಬಳು ಕಾರು ಹಿಂದಕ್ಕೆ ತಂದು, ಗಾಜು ಇಳಿಸಿ, ದಾರಿ ತಪ್ಪಿದೆಯೇ, ಯಾರಿಗಾದರೂ ಫೋನ್ ಮಾಡಬೇಕೇ ಎಂದು ವಿಚಾರಿಸಿದಳು. ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಅವಳಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ನಮ್ಮ ಸರಸ್ವತೀಪುರಂನಲ್ಲಿ ಸಂಜೆ ಮನೆಯಲ್ಲೇ ಕೂತವರನ್ನು ಹುಷಾರಿಲ್ಲವೇ ಎಂದು ಕೇಳುತ್ತಾರೆ. ಇಲ್ಲಿ ನಡೆದವರನ್ನು ಕೇಳುತ್ತಾರೆ.

ನನ್ನ ಚಡಪಡಿಕೆಗೆ ಕಾರಣವಿತ್ತು. ಪ್ರಸನ್ನನ ಚಡಪಡಿಕೆಗೆ ಕಾರಣವೇ ತಿಳಿಯುತ್ತಿರಲಿಲ್ಲ. ನಿಂತುಕೊಂಡೇ ಊಟ, ಬಾಯಿಗೆ ತುತ್ತು ಇಡುವಾಗಲೇ ಫೋನು, ಟಿವಿ ಹಾಕಿದರೆ ಚಾನೆಲ್ಲು ನಿಲ್ಲದು. ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈ-ಟೂ-ಕೆ ಗುಮ್ಮ ಆಗಷ್ಟೇ ಎಲ್ಲರನ್ನೂ ಓಡಿಸತೊಡಗಿತ್ತು. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಇವನನ್ನು ಬೆಳೆಸಿದವಳು ನಾನೇ. ಹುಡುಗನಾಗಿದ್ದಾಗ ಒಂದು ಜಾಗದಲ್ಲಿ ಗಂಟೆಗಟ್ಟಲೆ ಕೂತು ಗಾಳಿಪಟ ಅಂಟಿಸುತ್ತಿದ್ದವನು ಈಗ ಹೀಗಾಗಿದ್ದ.

ಆ ಶನಿವಾರ ಅವನು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದ. ಗೋಡೆಗೆ ಬಿಗಿದ ಕಬ್ಬಿಣದ ಕಪಾಟು. ಬೀಗ ತೆಗೆದು ಒಳಗಿದ್ದುದನ್ನು ತೋರಿಸಿದ. ತ್ರೀ ನಾಟ್ ತ್ರೀ! ನನ್ನ ಹುಡುಗಿಯರ ಭುಜ ಕಪ್ಪಗಾಗಿಸುತ್ತಿದ್ದ ಅದೇ ಹಳೆಯ ರೈಫಲ್. ಹತ್ತಿರದ ಶೂಟಿಂಗ್ ಕ್ಲಬ್ಬಿನ ಮುದುಕರೊಬ್ಬರಿಂದ, ಪೊಲೀಸ್ ಸ್ಟೇಷನ್ನಿನಲ್ಲಿ ಬೆರಳಚ್ಚು ಕೊಟ್ಟು ಬಂದೂಕು ಕೊಳ್ಳುವ ಪರವಾನಗಿ ಕಾರ್ಡು ಮಾಡಿಸಿ, ಕಾನೂನು ಪ್ರಕಾರವೇ ಕೊಂಡಿದ್ದನಂತೆ.

"ನಿನ್ನ ಕ್ಯಾಂಪಿಗೆ ಬರ್ತಿದ್ನಲ್ಲ ಅಕ್ಕ, ಅಲ್ಲಿಂದ ಹತ್ತಿದ ಹುಚ್ಚು ಇದು. ಇದನ್ನ ಹಿಡ್ಕೊಂಡು ಮಲಗಿದಾಗ ಮಾತ್ರ ನನ್ನ ತಲೆ ಸುಮ್ನಿರತ್ತೆ. ಇಲ್ದಿದ್ರೆ ಇಪ್ಪತ್ನಾಲ್ಕು ಗಂಟೆನೂ ಓಡ್ತಾನೇ ಇರತ್ತೆ."

ಮೇಲೆ ಅಡುಗೆಮನೆಯಲ್ಲಿ ಸುಮನ ತನ್ನ ಮಾತನ್ನು ನೇರವಾಗಿಯೇ ಹೇಳಿದಳು. "ಮಗು ಇರೋ ಮನೇಲಿ ಬಂದೂಕು ನನಗಿಷ್ಟ ಇಲ್ಲ ಅತ್ತಿಗೆ. ಹೊಸ ತೋಟಾ ದುಬಾರಿ ಅಂತ ಈಗ ಇವರು ಮಿಲಿಟರಿಯವರ ಹಳೇದು ಹುಡುಕ್ತಿದ್ದಾರೆ. ನೀವು ತಿಳಿದವರು, ಒಂದಷ್ಟು ದಿನ ಇವರ ಜೊತೆ ಹೋಗಿ ನೋಡಿ. ಇರಲಿ ಅಂದ್ರೆ ಇರಲಿ, ಬೇಡ ಅಂದ್ರೆ ಮಾರಿಬಿಡ್ಲಿ. ನೀವು ಹೇಳಿದ ಹಾಗೇ ಆಗ್ಲಿ ಅಂತ ಇಬ್ರೂ ಒಪ್ಕೊಂಡಿದ್ದೀವಿ."

ಹೀಗೆ, ನ್ಯೂಯಾರ್ಕಿನ ಎತ್ತರದ ಕಟ್ಟಡ ನೋಡಲು ಬಂದವಳು ಗಂಡಹೆಂಡಿರ ನಡುವೆ ನ್ಯಾಯಾಧೀಶೆಯಾದೆ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಮಾಡಲು ಒಂದು ಕೆಲಸ ಸಿಕ್ಕಿತ್ತು.

ಡೆಲವೇರ್ ನದಿಯಾಚೆ

ಪೆನ್ಸಿಲ್ವೇನಿಯಾದ ಒಂದು ಊರಿನ ಅಗ್ನಿಶಾಮಕದವರ ಸಭಾಂಗಣದಲ್ಲಿ ಬಂದೂಕಿನ ಸಂತೆ. ಸಂತೆ ಎಂದರೆ ಸಂತೆಯೇ. ಉದ್ದಕ್ಕೆ ಮೇಜುಗಳು, ಮೇಜಿನ ಮೇಲೆ ತುಕ್ಕು ಹಿಡಿದ ಕತ್ತಿಗಳು, ಸೈನಿಕರ ಹಳೆಯ ಕೋಟುಗಳು, ಹಸಿರು ಡಬ್ಬಿಗಳು. ಒಂದು ಮೂಲೆಯಲ್ಲಿ ಚರ್ಚಿನ ಹೆಂಗಸರು ಸೇಬಿನ ಪೈ ಮಾರುತ್ತಿದ್ದರು. ಪಿಸ್ತೂಲು ಕೊಂಡವನು ಪಕ್ಕದಲ್ಲೇ ಪೈ ಕೊಂಡು ಬೆರಳು ನೆಕ್ಕುತ್ತಿದ್ದ. ಸೀರೆಯುಟ್ಟು ಬಂದವಳು ನಾನೊಬ್ಬಳೇ. ಆದರೂ ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಮೇಜಿನ ಮೇಲಿತ್ತು.

ತೋಟಾ ಮಾರುವವಳು ಉಲ್ಲನ್ ಹೆಣೆಯುತ್ತ ಕೂತಿದ್ದ ದಪ್ಪನೆಯ ಅಜ್ಜಿ. ಪ್ರಸನ್ನ ಒಂದು ಮೇಜಿನಿಂದ ಇನ್ನೊಂದಕ್ಕೆ ಹಾರುತ್ತಿದ್ದ. ನಾನು ಅವನ ತೋಳು ಹಿಡಿದು ನಿಲ್ಲಿಸಿ, ಅಜ್ಜಿಯ ಮುಂದೆ ಕುರ್ಚಿ ಎಳೆದುಕೊಂಡೆ. ಹಳೆಯ ತೋಟಾ ಕೊಳ್ಳುವುದು ಬೆಂಡೆಕಾಯಿ ಕೊಂಡ ಹಾಗೆ, ಒಂದೊಂದನ್ನೇ ಆರಿಸಬೇಕು. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಹಿಡಿದದ್ದು ಬೇಡ, ಕತ್ತಿನ ಹತ್ತಿರ ಸೀಳಿದ್ದು ಬೇಡ, ನೆಗ್ಗಿದ್ದು ಬೇಡ, ಗುಂಡು ಬೆರಳಿಗೆ ಅಲುಗಾಡಿದರಂತೂ ಮುಟ್ಟಲೇಬೇಡ. ಕ್ಯಾಂಪಿನಲ್ಲಿ ನಮ್ಮ ಹವಾಲ್ದಾರರು ಹೀಗೆಯೇ ಹೇಳಿಕೊಟ್ಟಿದ್ದರು. ಅಜ್ಜಿ ಕನ್ನಡಕದ ಮೇಲಿಂದ ನೋಡಿ, ಕೆಟ್ಟದ್ದನ್ನು ಹಾಕಲು ತಾನೇ ಒಂದು ಡಬ್ಬಿ ಮುಂದೆ ಸರಿಸಿದಳು.

ಗ್ರೀಸಿನದು, ಬ್ರಿಟನ್ನಿನದು ಎಂದು ಹಲವು ದೇಶದ ಮಾಲು ಅಲ್ಲಿತ್ತು. ಕೊನೆಗೆ ಮೇಜಿನಡಿಯಿಂದ ಖಾಕಿ ಬಟ್ಟೆಯ ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿದ ತೋಟಾಗಳನ್ನು ಪ್ರಸನ್ನ ಎಳೆದು ತೆಗೆದ. ಎಲ್ಲಕ್ಕಿಂತ ಅಗ್ಗ. ತಿರುಗಿಸಿ ಹಿಂಬದಿಯ ಅಚ್ಚು ಓದಿದೆ. ನಮ್ಮ ದೇಶದ್ದು! ನನ್ನ ಹುಡುಗಿಯರು ಎಣಿಸಿ ಎಣಿಸಿ ಕೈಗೆ ತೆಗೆದುಕೊಳ್ಳುತ್ತಿದ್ದಂಥದೇ ಪಟ್ಟಿ, ಅದೇ ಖಾಕಿ, ಮೂಸಿದರೆ ಅದೇ ಉಗ್ರಾಣದ ವಾಸನೆ. ಯಾವ ಗೋದಾಮಿನಿಂದ ಯಾವ ಹಡಗು ಹತ್ತಿ ಬಂದಿತ್ತೋ.

"ಅದು ಬೇಡ ಕಣಮ್ಮ," ಎಂದಳು ಅಜ್ಜಿ, ಹೆಣಿಗೆ ನಿಲ್ಲಿಸದೆ. "ಅದು ಅಗ್ಗವಾಗಿರೋದಕ್ಕೆ ಕಾರಣ ಇದೆ. ಕೆಲವು ಸಲ ಅದು ಯೋಚನೆ ಮಾಡಿ ಆಮೇಲೆ ಹಾರತ್ತೆ."

ನನಗೆ ರೇಗಿತು. ನಮ್ಮ ದೇಶದ ಮಾಲೆಂದರೆ ಎಲ್ಲರಿಗೂ ಸಸಾರ. "ಒಂದೂ ಕಿಲುಬಿಲ್ಲ, ಒಂದೂ ನೆಗ್ಗಿಲ್ಲ. ಇದಕ್ಕೇನಾಗಿದೆ?" ಎಂದು ಪ್ರಸನ್ನನ ಕಡೆ ತಿರುಗಿದೆ. ಅವನಿಗೆ ನನ್ನಷ್ಟೂ ಯೋಚನೆ ಬೇಕಿರಲಿಲ್ಲ. ಹೊರಗಿನ ಮೈ ನೋಡಿ ಒಳಗಿನ ಮದ್ದಿನ ಗುಣ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಪರದೇಶದಲ್ಲಿ ಸ್ವದೇಶದ ಬೆಂಕಿಪೆಟ್ಟಿಗೆ ಕಂಡರೂ ಕಣ್ಣು ತುಂಬುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಪಟ್ಟಿಗಳನ್ನೆಲ್ಲ ಕೊಂಡು ನದಿ ದಾಟಿದೆವು.

ಕ್ಲಬ್ಬಿನಲ್ಲಿ ಮೊದಲ ಭಾನುವಾರ

ಕ್ಲಬ್ಬೆಂದರೆ ಕಾಡಿನ ಅಂಚಿನಲ್ಲೊಂದು ಮರದ ಚಪ್ಪರ, ಮುಂದೆ ಹುಲ್ಲು, ಕೊನೆಯಲ್ಲಿ ಎತ್ತರದ ಮಣ್ಣಿನ ದಿಬ್ಬ. ಅಲ್ಲಿಯ ಉಸ್ತುವಾರಿ ವಾಲ್ಟರ್ ಎಂಬ ಹಿರಿಯ. ಅವನು ಬಾಯಿ ತೆರೆದರೆ ನಿಯಮ. ನನ್ನ ಪಾಸ್‌ಪೋರ್ಟನ್ನೂ ತಿರುಗಿಸಿ ನೋಡಿದ. ಆಗಿನ್ನೂ ನನ್ನಂಥ ಪ್ರವಾಸಿಗಳು ಅತಿಥಿಯಾಗಿ ಗುರಿ ಹೊಡೆಯಲು ಅಡ್ಡಿಯಿರಲಿಲ್ಲ; ಆಮೇಲೆ ಕಾನೂನು ಬಿಗಿಯಾಯಿತಂತೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ತಾನು ಹೇಳುವವರೆಗೆ ಬೋಲ್ಟ್ ತೆರೆದೇ ಇರಬೇಕು. ಬೋಲ್ಟ್ ಎಂದರೆ ರೈಫಲಿನ ಹಿಂಬದಿಯ ಉಕ್ಕಿನ ಅಗುಳಿ. ಅದನ್ನೆತ್ತಿ ಹಿಂದಕ್ಕೆಳೆದರೆ ತೋಟಾದ ಮನೆ ತೆರೆಯುತ್ತದೆ.

ನಮ್ಮಲ್ಲಿ ಫೈರಿಂಗ್ ಎಂದರೆ ಹವಾಲ್ದಾರರ ಬೈಗುಳ, ಹುಡುಗಿಯರ ಕಿಸಿಕಿಸಿ, ಕೆಂಪು ಬಾವುಟ, ಆಮೇಲೆ ಪೂರಿ ಸಾಗು. ಇಲ್ಲಿ ಎಲ್ಲರೂ ದೇವಸ್ಥಾನದಲ್ಲಿದ್ದಂತೆ ಮೆಲ್ಲಗೆ ಮಾತಾಡುತ್ತಾರೆ. ಪಕ್ಕದವನ ಗುರಿ ಎಷ್ಟೇ ಕೆಟ್ಟದಾಗಿರಲಿ, "ನೈಸ್" ಎನ್ನುತ್ತಾರೆ.

ಪ್ರಸನ್ನ ಚಾಪೆಯ ಮೇಲೆ ಮಲಗಿದ. ಅವನು ಹೇಳಿದ್ದು ಸುಳ್ಳಲ್ಲ. ರೈಫಲ್ ಭುಜಕ್ಕೆ ತಾಗಿದ್ದೇ ತಡ, ಅವನ ಕಾಲು ಅಲ್ಲಾಡುವುದು ನಿಂತಿತು. ಉಸಿರು ನಿಧಾನವಾಯಿತು. ಗಾಳಿಪಟ ಅಂಟಿಸುತ್ತಿದ್ದ ಹುಡುಗನ ಬೆನ್ನನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ಆಗಲೇ ಮನಸ್ಸಿನಲ್ಲಿ ತೀರ್ಪು ಬರೆದುಬಿಟ್ಟೆ: ಇರಲಿ.

ನಡುವೆ ಒಂದು ತೋಟಾ ಮಾತ್ರ ತಡವರಿಸಿತು. ಟ್ರಿಗರ್ ಎಳೆದಾಗ ಟಕ್ ಎಂದು, ಕಣ್ಣು ಮಿಟುಕಿಸುವಷ್ಟು ಬಿಟ್ಟು ಢಮ್ ಎಂದಿತು. ಪ್ರಸನ್ನ ನನ್ನತ್ತ ನೋಡಿದ. "ವಯಸ್ಸಾಗಿದೆಯಲ್ಲ, ಏಳೋದಕ್ಕೆ ಸ್ವಲ್ಪ ಹೊತ್ತು ಬೇಕು. ನನ್ನ ಹಾಗೇ," ಎಂದು ನಕ್ಕೆ. ಅವನೂ ನಕ್ಕ.

ಹಳೆಯ ಮಿಲಿಟರಿ ತೋಟಾ ಹೊಡೆದ ಮೇಲೆ ನಳಿಗೆಯೊಳಗೆ ಉಪ್ಪಿನಂಥ ಅಂಶ ಉಳಿಯುತ್ತದೆ. ಬರೀ ಎಣ್ಣೆ ಹಾಕಿದರೆ ಅದು ಹೋಗುವುದಿಲ್ಲ. ಕುದಿಯುವ ನೀರು ಹೊಯ್ದು ತೊಳೆದು, ಒರೆಸಿ ಒಣಗಿಸಿ, ಆಮೇಲೆ ಎಣ್ಣೆ. ಇಲ್ಲವಾದರೆ ಕೆಲವೇ ದಿನದಲ್ಲಿ ತುಕ್ಕು. ಇದಕ್ಕೆಂದೇ ನಾನು ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದೆ. ಖಾಲಿ ರೈಫಲಿಗೆ ಲಾಳಿಕೆ ಇಟ್ಟು ಗತ್ತಿನಿಂದ ಸುರಿದೆ. ನಳಿಗೆಯ ತುದಿಯಿಂದ ಘಮಘಮಿಸುವ ಫಿಲ್ಟರ್ ಕಾಫಿ ಇಳಿಯಿತು, ಹಾಲು ಸಕ್ಕರೆ ಸಮೇತ. ಎರಡೂ ಫ್ಲಾಸ್ಕು ಒಂದೇ ಬಣ್ಣದವು!

ವಾಲ್ಟರ್ ಬಂದು ಬಗ್ಗಿ ಮೂಸಿದ. ಇದು ಭಾರತದ ಪದ್ಧತಿಯೇ ಎಂದು ಗಂಭೀರವಾಗಿ ಕೇಳಿದ. ಮಾನ ಹೋಗಬಾರದೆಂದು ನಾನು ಹೌದೆನ್ನುವವಳಿದ್ದೆ. ಅಷ್ಟರಲ್ಲಿ ಪ್ರಸನ್ನ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಕ್ಲಬ್ಬಿನ ಅಡುಗೆಕೋಣೆಯಲ್ಲಿ ನೀರು ಕಾಯಿಸಿ ಮತ್ತೆ ಮತ್ತೆ ತೊಳೆದೆವು.

ಪಿಸ್ಕಾಟವೇ

ವಾರದ ನಡುವೆ ಪ್ರಸನ್ನನ ಸಹೋದ್ಯೋಗಿಯ ಮನೆಯಲ್ಲಿ ಊಟವಿತ್ತು. ಬಿಸಿಬೇಳೆಬಾತು, ಆಲೂಗೆಡ್ಡೆ ಚಿಪ್ಸು, ಪ್ಲಾಸ್ಟಿಕ್ ತಟ್ಟೆ. ಗಂಡಸರು ಒಂದು ಕಡೆ ಷೇರು, ಗ್ರೀನ್ ಕಾರ್ಡು. ಹೆಂಗಸರು ಒಂದು ಕಡೆ ಷೇರು, ಸ್ಕೂಲ್ ಡಿಸ್ಟ್ರಿಕ್ಟು. ಎಲ್ಲರೂ ಇನ್ನೊಂದು ಮನೆ, ಇನ್ನೊಂದು ಕಂಪನಿ, ಇನ್ನೊಂದು ಊರಿನ ಮಾತನ್ನೇ ಆಡುತ್ತಿದ್ದರು. ಇರುವ ಜಾಗದಲ್ಲಿ ಇರುವವರು ಯಾರೂ ಕಾಣಲಿಲ್ಲ.

ಕಾಫಿಯ ಕಥೆ ಅದಾಗಲೇ ಅಲ್ಲಿಗೆ ತಲುಪಿತ್ತು. ಮಂಗಳೂರು ಕಡೆಯ ಹೋಟೆಲಿನವರೊಬ್ಬರು ಸುಮನಳನ್ನು ಕೇಳಿದರು: "ಅಲ್ಲ ಮಾರಾಯ್ರೆ, ನಿಮಗೆ ಹೆದರಿಕೆ ಆಗುದಿಲ್ವಾ ಮನೆಯಲ್ಲಿ ಅದನ್ನು ಇಟ್ಟುಕೊಂಡು?"

"ಆಗತ್ತೆ," ಎಂದಳು ಸುಮನ, ಅಷ್ಟೆ.

ವಾಪಸು ಬರುವಾಗ ಕಾರಿನಲ್ಲಿ ನಾನೇ ಮಾತೆತ್ತಿದೆ. "ಸುಮನ, ಒಂದು ಸಲ ನೀನೂ ಬಂದು ಹೊಡೆದು ನೋಡು. ಗೊತ್ತಿಲ್ಲದ್ದಕ್ಕೇ ಹೆದರಿಕೆ ಜಾಸ್ತಿ."

"ಸರಿ ಅತ್ತಿಗೆ. ಆದರೆ ಮೊದಲು ನನಗೆ ಎಲ್ಲಾ ಹೇಳಿಕೊಡಿ. ನಮ್ಮ ಲ್ಯಾಬಲ್ಲಿ ಹಾಗೇನೇ. ಕೆಟ್ಟರೆ ಏನು ಮಾಡ್ಬೇಕು ಅನ್ನೋದನ್ನ ಮೊದಲು ಕಲೀತೀವಿ," ಎಂದಳು.

ಎಷ್ಟು ಬ್ಯಾಚು ಕಲಿಸಿದ್ದೇನೆ, ಕೆಟ್ಟರೆ ಏನು ಎಂದು ಮೊದಲು ಕೇಳಿದವರು ಒಬ್ಬರೂ ಇಲ್ಲ. ಎಲ್ಲರಿಗೂ ಮೊದಲು ಢಮ್ ಎನ್ನಿಸಬೇಕು.

ಎರಡನೆಯ ಭಾನುವಾರ

ಅನಘಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೂವರೂ ಹೋದೆವು. ಚಾಪೆಯ ಮೇಲೆ ಸುಮನ, ಬಲಕ್ಕೆ ಪ್ರಸನ್ನ, ಎಡಕ್ಕೆ ನಾನು. ಮೈದಾನದ ದನಿ ತೆಗೆದು ಪಾಠ ಮಾಡಿದೆ. "ಸದ್ದು ಸಣ್ಣಗೆ ಪುಸ್ ಅಂದ್ರೆ ಗುಂಡು ನಳಿಗೇಲಿ ಸಿಕ್ಕಿರಬಹುದು. ಅಲ್ಲಿಗೇ ನಿಲ್ಲಿಸು. ಟಕ್ ಅಂದು ಏನೂ ಆಗ್ಲಿಲ್ಲ ಅಂದ್ರೆ ಅಲ್ಲಾಡಬೇಡ. ಮೂತಿ ದಿಬ್ಬದ ಕಡೆಗೇ ಇರಲಿ. ಬೋಲ್ಟ್ ತೆರೀಬೇಡ. ತಿರುಗಿ ನನ್ನ ಮುಖ ನೋಡಬೇಡ. ನಾನು ಹೇಳೋವರೆಗೂ ಕಾಯಿ."

"ಟಕ್ ಅಂದ್ರೆ ಕಾಯ್ಬೇಕು," ಎಂದು ಅವಳು ಒಪ್ಪಿಸಿದಳು.

ಮೊದಲನೆಯದು ದಿಬ್ಬಕ್ಕೆ ಹೋಯಿತು. ಎರಡನೆಯದು ಗುರಿಯ ಕಾಗದದ ಅಂಚಿಗೆ. ಆಮೇಲೆ ನನಗೇ ಆಶ್ಚರ್ಯವಾಗುವಂತೆ ನಡುವಿನ ಕಪ್ಪು ವೃತ್ತದ ಹತ್ತಿರ ಬರತೊಡಗಿತು. ಅವಳು ಅವಸರ ಮಾಡುತ್ತಿರಲಿಲ್ಲ. ವಾಲ್ಟರ್ "ನೈಸ್" ಎಂದಾಗ ಅದು ಬಾಯಿಮಾತಿನದಾಗಿರಲಿಲ್ಲ. ಪ್ರಸನ್ನನಿಗೆ ಹೆಂಡತಿಯ ಮೇಲೆ ಹೆಮ್ಮೆಯೂ ಹೌದು, ತನ್ನ ಸರದಿ ಯಾವಾಗ ಎಂಬ ತಳಮಳವೂ ಹೌದು. ಮಂಡಿಯೂರಿ ಮುಂದಕ್ಕೆ ಮುಂದಕ್ಕೆ ಜರುಗುತ್ತಿದ್ದ.

ಆಗ ಟಕ್ ಎಂದಿತು.

ಸುಮನ ಅಲ್ಲಾಡಲಿಲ್ಲ. ಕೆನ್ನೆ ರೈಫಲಿನ ಮರಕ್ಕೆ ಅಂಟಿಕೊಂಡೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಸನ್ನ "ಏ, ಠುಸ್ ಆಯ್ತು, ತೆಗೀತೀನಿ ಇರು" ಎಂದು ಮುಂದೆ ಬಗ್ಗಿ ಬೋಲ್ಟಿಗೆ ಕೈ ಹಾಕಿದ. ಅವನ ಮುಖ ಅದರ ಮೇಲೇ ಇತ್ತು.

"ಕೈ ತೆಗೀರಿ!"

ಸುಮನಳ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಢಮ್! ದಿಬ್ಬದ ಮಣ್ಣು ಎದ್ದಿತು.

ಬೋಲ್ಟ್ ಎತ್ತಿದ್ದರೆ ಆ ಹಿತ್ತಾಳೆ ಒಡೆದು, ಅಷ್ಟೂ ಬೆಂಕಿ ಹಿಂದಕ್ಕೆ, ಅವನ ಕಣ್ಣಿಗೆ ಬರುತ್ತಿತ್ತು. ಅವಳ ಮುಖಕ್ಕೂ. ಇದನ್ನು ವಿವರಿಸಿ ಹೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ವಾಲ್ಟರ್ ಎಲ್ಲರಿಗೂ ಗುಂಡು ಹಾರಿಸುವುದನ್ನು ನಿಲ್ಲಿಸಲು ಹೇಳಿದ. ಸುಮನಳ ಪಕ್ಕ ಕೂತು, ಅವನೇ ಹೇಳಿಕೊಟ್ಟು, ರೈಫಲ್ ಖಾಲಿ ಮಾಡಿಸಿದ. ನಂತರ ಖಾಕಿ ಪಟ್ಟಿಯೊಂದನ್ನು ಎತ್ತಿ ನನ್ನ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಪಟ್ಟಿಗಳನ್ನೆಲ್ಲ ನಾನೇ ಅವನ ಕೈಗಿಟ್ಟೆ. ಕೆಟ್ಟ ತೋಟಾಗಳನ್ನು ಕ್ಲಬ್ಬಿನವರು ಪೊಲೀಸರ ಮೂಲಕ ವಿಲೇವಾರಿ ಮಾಡಿಸುತ್ತಾರಂತೆ. ಸಮುದ್ರ ದಾಟಿ ಬಂದ ನಮ್ಮ ದೇಶದ ಖಾಕಿಯನ್ನು ಹಾಗೆ ಒಪ್ಪಿಸುವಾಗ ನಾಚಿಕೆಯಾಯಿತು. ಆ ಅಜ್ಜಿ ನೆಟ್ಟಗೆ ಹೇಳಿದ್ದಳು. ಹೋದ ವಾರ ಆ ತೋಟಾವೇ ಹೇಳಿತ್ತು. ನಾನು ಹಾಸ್ಯ ಮಾಡಿದ್ದೆ.

ಊಟದ ಮೇಜು

ಸಂಜೆ ಮನೆಯಲ್ಲಿ ಅನ್ನ ತಿಳಿಸಾರು. ಅನಘಾ ಬೇಗ ಉಂಡು, "ಮೇ ಐ ಬಿ ಎಕ್ಸ್‌ಕ್ಯೂಸ್ಡ್?" ಎಂದು ಕೇಳಿ ಮೇಲೆ ಹೋದಳು. ಮೊದಲ ಸಲ ಪ್ರಸನ್ನ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದ. ಉಣ್ಣುತ್ತಿದ್ದ ಎನ್ನುವುದಕ್ಕಿಂತ ಕಲಸುತ್ತಿದ್ದ.

ನನ್ನ ತೀರ್ಪು ಹೇಳಲೇಬೇಕಿತ್ತು. ಪ್ರೀತಿಯ ತಮ್ಮ. ಅವನ ತಲೆ ಸುಮ್ಮನಿರುವ ಒಂದೇ ಜಾಗವನ್ನು ನಾನು ಕಿತ್ತುಕೊಳ್ಳಬೇಕು.

"ಮಾರಿಬಿಡು ಪ್ರಸನ್ನ," ಎಂದೆ. "ತೋಟಾ ಕೊಳ್ಳೋದರಲ್ಲಿ ತಪ್ಪು ನಂದೇ, ನಿನ್ನದಲ್ಲ. ಆದರೆ ಒಳ್ಳೇ ತೋಟಾನೂ ಒಂದಲ್ಲ ಒಂದು ದಿನ ಟಕ್ ಅನ್ನತ್ತೆ. ಆವತ್ತು ಕಾಯೋದಕ್ಕೆ ನಿನ್ನ ಕೈಲಿ ಆಗಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ ದೊಡ್ಡೋರು."

ಅವನು ತಲೆಯೆತ್ತಲಿಲ್ಲ. "ಹೂಂ ಅಕ್ಕ," ಎಂದ. ಜಗಳವಾಡುತ್ತಾನೆಂದುಕೊಂಡಿದ್ದೆ, ಅವನು ಒಪ್ಪಿಕೊಂಡದ್ದೇ ಹೆಚ್ಚು ನೋವು ಕೊಟ್ಟಿತು.

ಸುಮನ ತಟ್ಟೆ ಸರಿಸಿದಳು. "ಅತ್ತಿಗೆ, ನೀವು ಹೇಳಿದ್ದು ಇವರ ವಿಷಯ. ರೈಫಲ್ ವಿಷಯ ಹೇಳಿ. ಅದು ಸರಿಯಾಗಿದೆಯಾ?"

"ರೈಫಲ್ಲಿಗೇನು, ಗಟ್ಟಿಯಾಗಿದೆ."

"ಹಾಗಾದ್ರೆ ಇರಲಿ. ಇವರ ತಲೆ ಸುಮ್ನಿರೋದು ಅಲ್ಲಿ ಮಾತ್ರ, ಅದನ್ನ ಕಿತ್ಕೊಳ್ಳೋದು ಬೇಡ. ನಾನೂ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಾರ್ಡಿಗೆ ಅರ್ಜಿ ಹಾಕ್ತೀನಿ. ಹೊಸ ತೋಟಾನೇ ತರೋಣ, ಕಮ್ಮಿ ಹೊಡೆಯೋಣ. ಕಪಾಟಿನ ಕೀ ನನ್ನ ಹತ್ರ ಇರಲಿ. ಇವರು ನನ್ನ ಜೊತೆ ಬರ್ಲಿ. ಟಕ್ ಅಂದ್ರೆ ಕೈ ಕಟ್ಕೊಂಡು ಕೂರೋದನ್ನ ಕಲೀಲಿ." ಗಂಡನ ಕಡೆ ತಿರುಗಿದಳು. "ಆಗತ್ತಾ ರೀ?"

ಪ್ರಸನ್ನನ ಕಣ್ಣು ತುಂಬಿತ್ತು. ಎಡಗೈಯಿಂದ ಜೇಬು ತಡಕಿ, ಕೀ ತೆಗೆದು, ಅವಳ ತಟ್ಟೆಯ ಪಕ್ಕ ಇಟ್ಟ.

ಅವಳು ಅದನ್ನು ಮುಟ್ಟಲಿಲ್ಲ. ಬೆಳಗಿನಿಂದ ನಮ್ಮಿಬ್ಬರಿಗಿಂತ ಗಟ್ಟಿಯಾಗಿದ್ದವಳು ಎರಡೂ ಕೈಗಳನ್ನು ಮೇಜಿನ ಕೆಳಗೆ, ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದಳು.

"ಅಲ್ಲೇ ಇರಲಿ, ನಾಳೆ ತಗೋತೀನಿ," ಎಂದಳು. "ಇವತ್ತು ಆಗಲ್ಲ. ಕೈ ಇನ್ನೂ ನಡುಗ್ತಿದೆ."